ಪಾದರಸದ ಚಕ್ರವೂ ತಿರುಗುಬಲದ ತತ್ತ್ವವೂ

ಭಾಸ್ಕರಾಚಾರ್ಯರು ಕ್ರಿ.ಶ. 1150ರಲ್ಲಿ ರಚಿಸಿದ 'ಸಿದ್ಧಾಂತಶಿರೋಮಣಿ'ಯ ಗೋಲಾಧ್ಯಾಯದಲ್ಲಿ ಯಂತ್ರಗಳನ್ನು ಕುರಿತ ಪ್ರಕರಣವೊಂದುಂಟು. ಖಗೋಳವೀಕ್ಷಣೆಯ ಉಪಕರಣಗಳ ಜೊತೆಗೆ, ತಾನೇ ತಿರುಗುವ ಚಕ್ರವೊಂದರ ವಿವರಣೆಯೂ ಅಲ್ಲಿದೆ. ಹಗುರವಾದ ಮರದ ಚಕ್ರಕ್ಕೆ ಸಮಾನಾಂತರದಲ್ಲಿ ಟೊಳ್ಳಾದ ಅರಗಳನ್ನು, ಎಲ್ಲವೂ ಒಂದೇ ಕಡೆಗೆ ತುಸು ಓರೆಯಾಗಿರುವಂತೆ, ಜೋಡಿಸಬೇಕು. ಪ್ರತಿಯೊಂದರಲ್ಲಿಯೂ ಅರ್ಧದಷ್ಟು ಪಾದರಸವನ್ನು ತುಂಬಬೇಕು. ಅಚ್ಚನ್ನು ಎರಡು ಆಧಾರಗಳ ಮೇಲಿರಿಸಬೇಕು. ಆಗ ಚಕ್ರವು ಸ್ವತಃ ತಿರುಗುವುದೆಂದು ಆಚಾರ್ಯರ ಅಭಿಪ್ರಾಯ. ಇದಕ್ಕೂ ಮುನ್ನ, 628ರಲ್ಲಿ ಬ್ರಹ್ಮಗುಪ್ತನು ರಚಿಸಿದ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿಯೂ ಇಂಥದೇ ಚಕ್ರದ ಪ್ರಸ್ತಾಪವಿದೆ.

ಈ ಕಲ್ಪನೆಯ ಬುಡದಲ್ಲಿ ಸತ್ಯವಾದ ತತ್ತ್ವವೊಂದು ಅಡಗಿದೆ. ಚಕ್ರವನ್ನು ತಿರುಗಿಸುವ ಸಾಮರ್ಥ್ಯವು ಭಾರವೊಂದನ್ನೇ ಅವಲಂಬಿಸಿದುದಲ್ಲ. ಆ ಭಾರವು ಅಚ್ಚಿನಿಂದ ಅಡ್ಡಡ್ಡಲಾಗಿ ಎಷ್ಟು ದೂರದಲ್ಲಿದೆ ಎಂಬುದನ್ನೂ ಅವಲಂಬಿಸಿದೆ. ಇವೆರಡರ ಗುಣಲಬ್ಧವೇ ತಿರುಗುಬಲ. ಏತದ ಮರದ ಮೇಲೆ ನಡೆಯುವ ರೈತನು ಇದನ್ನು ದಿನವೂ ಬಳಸುತ್ತಿದ್ದನು. ಅವನ ತೂಕ ಹೆಚ್ಚುವುದಿಲ್ಲ, ಕುಗ್ಗುವುದಿಲ್ಲ. ಆದರೂ ಅವನು ಹಿಂದಕ್ಕೆ ನಡೆದಾಗ ಬಾನಿ ಮೇಲೇರುತ್ತದೆ. ಅರದೊಳಗೆ ಹರಿಯುವ ಪಾದರಸವು ಮಾಡುವುದೂ ಇದನ್ನೇ. ಇಳಿಯುವ ಕಡೆಯಲ್ಲಿ ಅದು ಅಂಚಿಗೆ ಸರಿಯುತ್ತದೆ. ಏರುವ ಕಡೆಯಲ್ಲಿ ಗುಂಬದತ್ತ ಜಾರುತ್ತದೆ.

ಹಾಗಾದರೆ ಚಕ್ರವು ನಿಲ್ಲದೆ ತಿರುಗಬೇಕಲ್ಲವೆ? ತಿರುಗದು. ಇಳಿಯುವ ಕಡೆಯಲ್ಲಿ ದೂರ ಹೆಚ್ಚೆಂಬುದು ನಿಜ; ಆದರೆ ಏರುವ ಕಡೆಯಲ್ಲಿ ರಸವೇ ಹೆಚ್ಚಾಗಿ ಸೇರಿರುತ್ತದೆ. ಒಂದು ಕಡೆ 2 ಕಿಲೋ ಭಾರವು 3 ಗೇಣು ದೂರದಲ್ಲಿದ್ದು, ಇನ್ನೊಂದು ಕಡೆ 3 ಕಿಲೋ ಭಾರವು 2 ಗೇಣು ದೂರದಲ್ಲಿದ್ದರೆ ಎರಡೂ ಕಡೆಯ ಲೆಕ್ಕ ಆರೇ. ಕ್ಷಣಕಾಲ ಒಂದು ಪಕ್ಕ ಮೇಲಾದರೂ ಚಕ್ರವು ಸ್ವಲ್ಪ ತೂಗಾಡಿ ಸಮತೋಲದಲ್ಲಿ ನಿಲ್ಲುತ್ತದೆ. ಪಾದರಸವು ನೀರಿಗಿಂತ 13.6 ಪಟ್ಟು ಭಾರವುಳ್ಳದ್ದಾದರೂ ಪ್ರಯೋಜನವಿಲ್ಲ. ಎರಡು ಪಕ್ಕಗಳೂ ಸಮನಾಗಿಯೇ ಭಾರವಾಗುತ್ತವೆ. ಒಂದು ಸುತ್ತಿನಲ್ಲಿ ರಸವು ಎಷ್ಟು ಇಳಿಯಿತೋ ಅಷ್ಟೇ ಏರಬೇಕು. ಏತದ ರೈತನೂ ಹಿಂದಿರುಗುವಾಗ ಮರವನ್ನು ತನ್ನ ಕಾಲಿನಿಂದಲೇ ಏರಬೇಕಷ್ಟೆ. ಆ ಶ್ರಮವು ಅವನುಂಡ ಅನ್ನದಿಂದ ಬಂದದ್ದು. ಪಾದರಸಕ್ಕೆ ಅನ್ನವಿಕ್ಕುವವರಿಲ್ಲ. ಇಂಥ ನಿರಂತರ ಯಂತ್ರಗಳ ಪರಿಶೀಲನೆಯನ್ನೇ ಕೈಗೊಳ್ಳುವುದಿಲ್ಲವೆಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯು 1775ರಲ್ಲಿ ನಿರ್ಣಯಿಸಿತು.

ದ್ರವದ ಭಾರದಿಂದ ಚಕ್ರವನ್ನು ನಿಜವಾಗಿ ತಿರುಗಿಸುವ ಮಾರ್ಗವೂ ಉಂಟು. ನೀರು ಮೇಲಿನಿಂದ ಚಕ್ರದ ತೊಟ್ಟಿಗಳಿಗೆ ಬಿದ್ದು, ತನ್ನ ಭಾರದಿಂದ ಅದನ್ನು ತಿರುಗಿಸಿ, ಕೆಳಗೆ ಚೆಲ್ಲಿಹೋಗಬೇಕು. ಹೀಗೆ ಮೇಲಿನಿಂದ ನೀರು ಬೀಳುವ ಚಕ್ರವು, ಅಡಿಯ ಹರಿವಿನಿಂದ ತಿರುಗುವ ಚಕ್ರಕ್ಕಿಂತ ಸುಮಾರು ಎರಡರಷ್ಟು ಫಲಕಾರಿಯೆಂದು ಇಂಗ್ಲೆಂಡಿನ ಜಾನ್ ಸ್ಮೀಟನ್ 1759ರಲ್ಲಿ ಪ್ರಯೋಗಗಳಿಂದ ತೋರಿಸಿದನು. ಇಲ್ಲಿ ನೀರನ್ನು ಮತ್ತೆ ಮೇಲೇರಿಸುವ ಹೊಣೆ ಚಕ್ರದ್ದಲ್ಲ, ಸೂರ್ಯನದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದಾಗ, ಅಲ್ಲಿನ ಯಂತ್ರವನ್ನು ತಿರುಗಿಸಿದ್ದು ನೀರಿನ ರಭಸವಾದರೂ, ಆ ನೀರನ್ನು ಎತ್ತರಕ್ಕೆ ಒಯ್ದವನು ಅದೇ ಸೂರ್ಯನು.

ಗ್ರಂಥದಲ್ಲಿದೆ ಎಂದ ಮಾತ್ರಕ್ಕೆ ಚಕ್ರವು ತಿರುಗಿತೆಂದು ಬೋಧಿಸುವುದು ವಿದ್ಯೆಗೆ ಅಪಚಾರ. ತಿರುಗದೆಂಬ ಕಾರಣಕ್ಕೆ ಗ್ರಂಥವನ್ನೇ ಹಳಿಯುವುದೂ ಅವಿವೇಕ. ಭಾರದ ಸ್ಥಾನ ಬದಲಾದರೆ ತಿರುಗುಬಲವೂ ಬದಲಾಗುವುದೆಂಬ ಸೂಕ್ಷ್ಮವನ್ನು ಯಂತ್ರದ ರೂಪದಲ್ಲಿ ಚಿಂತಿಸಿದ್ದು ಪೂರ್ವಿಕರ ಹಿರಿಮೆ. ಅದರ ಮಿತಿಯನ್ನು ಲೆಕ್ಕವಿಟ್ಟು ತಿಳಿಯುವುದು ಇಂದಿನವರ ಕರ್ತವ್ಯ. ಪಾದರಸವು ವಿಷವಾದುದರಿಂದ ಶಾಲೆಯಲ್ಲಿ ಅದನ್ನು ಬಳಸಲಾಗದು. ಹಳೆಯ ಸೈಕಲ್ ಚಕ್ರಕ್ಕೆ ಬಣ್ಣದ ನೀರನ್ನು ಅರ್ಧ ತುಂಬಿ ಬಾಯಿ ಮುಚ್ಚಿದ ಕೊಳವೆಗಳನ್ನು ಓರೆಯಾಗಿ ಕಟ್ಟಿದರೆ ಸಾಕು. ಅದು ಎಲ್ಲಿ ನಿಂತಿತು, ಏಕೆ ನಿಂತಿತು ಎಂಬುದನ್ನು ವಿದ್ಯಾರ್ಥಿಯು ಅಳೆದು ಬರೆದ ದಿನ, ಎಂಟುನೂರು ವರ್ಷಗಳಿಗೂ ಹಿಂದಿನ ಆ ಶ್ಲೋಕಗಳಿಗೆ ತಕ್ಕ ವ್ಯಾಖ್ಯಾನ ದೊರೆತಂತಾಗುತ್ತದೆ.