ಅಟ್ಟದ ಮೇಲಿನ ಝೋರ್ಕಿ

ಕೋಲಾರ ಸೀಮೆಯ ಯಾವುದಾದರೂ ಹಳೆಯ ಮನೆಯ ಅಟ್ಟದಲ್ಲೋ, ಬಾಗಿಲು ಮುಚ್ಚಿದ ಸ್ಟುಡಿಯೋದ ಬೀರುವಿನಲ್ಲೋ ಝೋರ್ಕಿ ಇಲ್ಲವೇ ಫೆಡ್ ಎಂಬ ಸೋವಿಯತ್ ಕ್ಯಾಮೆರಾ ಸಿಕ್ಕರೆ, ಕೈಗೆತ್ತಿಕೊಂಡ ಕೂಡಲೇ ಮೇಲಿನ ವೇಗದ ಚಕ್ರವನ್ನು ತಿರುಗಿಸಬೇಡಿ. ಮೊದಲು ಫಿಲಂ ಎಳೆಯುವ ಗುಂಡಿಯನ್ನೋ ಲಿವರನ್ನೋ ನಿಧಾನವಾಗಿ ಪೂರ್ತಿ ತಿರುಗಿಸಿ ಷಟರ್‌ಗೆ ಕೀ ಕೊಡಬೇಕು. ವೇಗ ಬದಲಿಸುವುದು ಆಮೇಲೆ. ಈ ಕ್ರಮ ತಪ್ಪಿದರೆ ಒಳಗಿನ ಪಿನ್ನು, ಹಲ್ಲುಗಳು ಸಿಕ್ಕಿಕೊಳ್ಳುತ್ತವೆ. ಅರ್ಧ ಶತಮಾನ ತಾಳಿಕೊಂಡ ಯಂತ್ರ ಅರ್ಧ ನಿಮಿಷದ ಕುತೂಹಲಕ್ಕೆ ಹಾಳಾಗುವುದು ಹೀಗೆ.

ಸೋವಿಯತ್ ಕ್ಯಾಮೆರಾ ನಮ್ಮ ಕಡೆ ಬಂದದ್ದಾದರೂ ಹೇಗೆ? ಮಾಲೂರು, ಮುಳಬಾಗಿಲಿನಂಥ ಊರುಗಳ ಸ್ಟುಡಿಯೋದವರು ನಂಬಿದ್ದು ಎರಡು ಕಣ್ಣಿನ ರೋಲಿಕಾರ್ಡ್, ಯಾಶಿಕಾಗಳನ್ನು. ಮನೆಮಂದಿಯ ಕೈಗೆ ಸಿಕ್ಕಿದ್ದು ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್. ಇವೆರಡರ ನಡುವೆ ಇದ್ದವರು ಹವ್ಯಾಸಿಗಳು. ಅವರಿಗೆ ಜರ್ಮನಿಯ ಲೈಕಾ ಕ್ಯಾಮೆರಾದ ಆಸೆ, ಕಿಸೆಯಲ್ಲಿ ಅಷ್ಟು ದುಡ್ಡಿಲ್ಲ. 1953ರ ಭಾರತ-ಸೋವಿಯತ್ ವ್ಯಾಪಾರ ಒಪ್ಪಂದದ ಮುಂದಿನ ವರ್ಷಗಳಲ್ಲಿ ರೂಪಾಯಿ ಲೆಕ್ಕದಲ್ಲೇ ಸರಕು ಬರತೊಡಗಿತು. ಮಾಸ್ಕೋದ ಲುಮುಂಬಾ ವಿಶ್ವವಿದ್ಯಾಲಯಕ್ಕೆ ಓದಲು ಹೋದವರು, ತರಬೇತಿಗೆಂದು ಹೋದ ಎಂಜಿನಿಯರುಗಳು ಹೆಗಲಿಗೆ ಕ್ಯಾಮೆರಾ ಹಾಕಿಕೊಂಡೇ ಮರಳಿದರು. ಕನ್ನಡದಲ್ಲೂ ಬರುತ್ತಿದ್ದ ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನುಣುಪು ಹಾಳೆ ಶಾಲೆ ಪುಸ್ತಕಗಳಿಗೆ ಹೊದಿಕೆಯಾಗುತ್ತಿದ್ದ ಕಾಲವದು.

ಫೆಡ್‌ನ ಹುಟ್ಟಿನ ಕಥೆ ಶಿಕ್ಷಕರಿಗೆ ಹೆಚ್ಚು ಹಿಡಿಸಬಹುದು. ಬಿ.ಎಡ್. ಓದಿದವರು ಸೋವಿಯತ್ ಶಿಕ್ಷಣತಜ್ಞ ಮಕರೆಂಕೊ ಹೆಸರು ಕೇಳಿರುತ್ತಾರೆ. ಖಾರ್ಕಿವ್‌ನಲ್ಲಿ ದಿಕ್ಕಿಲ್ಲದ ಬೀದಿ ಮಕ್ಕಳಿಗಾಗಿ ಆತ ನಡೆಸುತ್ತಿದ್ದ ಕಮ್ಯೂನ್‌ನಲ್ಲಿ ಓದಿನ ಜೊತೆಗೆ ಕಾರ್ಖಾನೆಯೂ ಇತ್ತು. ಮೊದಲು ವಿದ್ಯುತ್ ಡ್ರಿಲ್ ಮಾಡಿದ ಆ ಹುಡುಗ ಹುಡುಗಿಯರು 1934ರಲ್ಲಿ ಲೈಕಾವನ್ನು ಬಿಚ್ಚಿ ನೋಡಿ ಅದರಂಥದ್ದೇ ಕ್ಯಾಮೆರಾ ತಯಾರಿಸತೊಡಗಿದರು. ಕಮ್ಯೂನ್‌ಗೆ ಇಟ್ಟಿದ್ದ ಫೆಲಿಕ್ಸ್ ಎಡ್ಮುಂಡೊವಿಚ್ ಝೆರ್ಝಿನ್‌ಸ್ಕಿಯ ಹೆಸರಿನ ಮೊದಲಕ್ಷರಗಳೇ ಫೆಡ್. ಅದು ರಹಸ್ಯ ಪೊಲೀಸ್ ಪಡೆಯನ್ನು ಕಟ್ಟಿದವನ ಹೆಸರು. ಮಕ್ಕಳು ಮಾಡಿದ ಕ್ಯಾಮೆರಾಕ್ಕೆ ಇಂಥ ಹೆಸರು ಸಿಕ್ಕಿದ್ದು ಆ ಕಾಲದ ವಿಚಿತ್ರ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಕಾಂಟ್ಯಾಕ್ಸ್ ಕ್ಯಾಮೆರಾದ ಯಂತ್ರ, ಬಿಡಿಭಾಗಗಳನ್ನೇ ಪರಿಹಾರವಾಗಿ ಸಾಗಿಸಿ ‘ಕೀವ್’ ತಯಾರಿಸಿದರು. ಮಾಸ್ಕೋ ಬಳಿಯ ಕ್ರಾಸ್ನೊಗೊರ್ಸ್ಕ್‌ನಲ್ಲಿ 1948ರಲ್ಲಿ ಝೋರ್ಕಿ ಶುರುವಾಯಿತು. ಅದೇ ಒಡಲಿಗೆ ಕನ್ನಡಿಪೆಟ್ಟಿಗೆ ಕೂರಿಸಿದಾಗ 1952ರಲ್ಲಿ ಝೆನಿತ್ ಆಯಿತು.

ಹಳೆಯದೆಲ್ಲ ಅಪರೂಪವೆಂದು ಮಾರುವವರು ಹೇಳುತ್ತಾರೆ. ನಂಬಬೇಡಿ. ಝೆನಿತ್-ಇ ಒಂದೇ ಮಾದರಿ 30 ಲಕ್ಷಕ್ಕೂ ಮೀರಿ ತಯಾರಾಗಿದೆ, ಸ್ಮೆನಾ-8ಎಂ ಎಂಬ ಇನ್ನೊಂದು ಸೋವಿಯತ್ ಕ್ಯಾಮೆರಾ ಎರಡು ಕೋಟಿ ದಾಟಿದೆ. ನಿಜಕ್ಕೂ ಅಪರೂಪವೆಂದರೆ ಯುದ್ಧಕ್ಕಿಂತ ಮುಂಚಿನ ಮೊದಮೊದಲ ಫೆಡ್‌ಗಳು, ಗಡಿಯಾರದಂತೆ ಸ್ಪ್ರಿಂಗ್ ಸುತ್ತಿಟ್ಟರೆ ತಾನೇ ಫಿಲಂ ಎಳೆದುಕೊಳ್ಳುವ ‘ಲೆನಿನ್‌ಗ್ರಾದ್’, ಇಂಥವು. ಚಿನ್ನದ ಬಣ್ಣ ಬಳಿದು, ಜರ್ಮನ್ ಸೇನೆಯ ಮುದ್ರೆ ಒತ್ತಿ ಲೈಕಾ ಎಂದು ಮಾರುವ ಫೆಡ್, ಝೋರ್ಕಿಗಳಂತೂ ಲೋಕದ ತುಂಬ ಇವೆ. ಲೆನ್ಸ್ ಬಿಚ್ಚಿ ಒಳಗೆ ನೋಡಿ: ದೂರ ಅಳೆಯುವ ಸನ್ನೆಯ ತುದಿಯಲ್ಲಿ ಉರುಳುವ ಪುಟ್ಟ ಗಾಲಿ ಇದ್ದರೆ ಲೈಕಾ ಇರಬಹುದು, ಚೂಪು ನಾಲಗೆಯಂಥ ತುಂಡಿದ್ದರೆ ಸೋವಿಯತ್ ಕ್ಯಾಮೆರಾವೇ. ವಯಸ್ಸು ತಿಳಿಯಲು ಝೋರ್ಕಿ-4, ಕೀವ್-4ಗಳಲ್ಲಿ ಸಂಖ್ಯೆಯ ಮೊದಲೆರಡು ಅಂಕಿ ನೋಡಿದರೆ ಸಾಕು. 64 ಎಂದಿದ್ದರೆ 1964.

ಇನ್ನು ರಿಪೇರಿ. ಇವುಗಳಲ್ಲಿ ಬ್ಯಾಟರಿಯಿಲ್ಲ, ಸರ್ಕ್ಯೂಟ್ ಇಲ್ಲ. ಎಚ್‌ಎಂಟಿ ಗಡಿಯಾರ ಬಿಚ್ಚಿ ಜೋಡಿಸಿದ ಕೈಗೆ ಇದು ತೀರಾ ಹೊಸ ಲೋಕವಲ್ಲ. ಸ್ಕ್ರೂಡ್ರೈವರ್, ಚಿಮಟ, ಸೂಜಿಮೊನೆಯ ಎಣ್ಣೆ ಎಲ್ಲವೂ ಅವೇ. ಮೊದಲ ಶತ್ರು ಗ್ರೀಸ್. ಕಾರ್ಖಾನೆಯಲ್ಲಿ ಮೆತ್ತಿದ್ದ ಗ್ರೀಸ್ ದಶಕಗಳಲ್ಲಿ ಅಂಟಾಗಿ ಲೆನ್ಸ್‌ನ ಉಂಗುರ ತಿರುಗದಂತೆ ಹಿಡಿದುಬಿಡುತ್ತದೆ. ಸ್ಪಿರಿಟ್‌ನಲ್ಲಿ ತೊಳೆದು ಹೊಸದನ್ನು ತೆಳುವಾಗಿ ಹಚ್ಚಬೇಕು. ಲೆನ್ಸ್‌ನ ತಿರುಪಿನ ಮರೆ ಎಲ್ಲಿಂದ ಹಿಡಿಯುತ್ತದೋ ಅಲ್ಲಿಗೆ ಗೀರು ಹಾಕಿ ಗುರುತು ಮಾಡಿಕೊಳ್ಳದಿದ್ದರೆ ಮತ್ತೆ ಜೋಡಿಸುವಾಗ ಗತಿ ದೇವರೇ.

ಎರಡನೆಯದು ಷಟರ್‌ನ ಪರದೆ. ಝೋರ್ಕಿ, ಫೆಡ್, ಝೆನಿತ್‌ಗಳಲ್ಲಿ ಅದು ರಬ್ಬರ್ ಲೇಪಿಸಿದ ತೆಳು ಬಟ್ಟೆಯದು. ನಮ್ಮ ಒಣಹವೆಯಲ್ಲಿ ಬಿರುಕು ಬಿಡುತ್ತದೆ. ಕತ್ತಲಕೋಣೆಯಲ್ಲಿ ಹಿಂದಿನ ಮುಚ್ಚಳ ತೆಗೆದು ಮುಂದಿನಿಂದ ಟಾರ್ಚ್ ಬಿಟ್ಟರೆ ರಂಧ್ರಗಳು ನಕ್ಷತ್ರಗಳಂತೆ ಕಾಣುತ್ತವೆ. ಒಂದೆರಡು ತೂತಾದರೆ ಬಟ್ಟೆಗೆ ಹಚ್ಚುವ ಕಪ್ಪು ಬಣ್ಣ ಸಾಕು. ಹೆಚ್ಚಾದರೆ ಪರದೆಯನ್ನೇ ಬದಲಿಸಬೇಕು. ರೇಷ್ಮೆಯ ಮೇಲೆ ರಬ್ಬರ್ ಲೇಪಿಸಿದ್ದೇ ಇದಕ್ಕೆ ಒಳ್ಳೆಯದು. ರೇಷ್ಮೆ ಬೆಳೆಯುವ ಸೀಮೆಯವರು ಅದನ್ನು ಹೊರಗಿನಿಂದ ತರಿಸಬೇಕಾಗಿ ಬರುವುದು ಬೇರೆ ಮಾತು. ಒಣಹವೆಯಿಂದ ಲಾಭವೂ ಇದೆ: ಮಲೆನಾಡು, ಕರಾವಳಿಯಲ್ಲಿ ಲೆನ್ಸ್ ತಿನ್ನುವ ಬೂಷ್ಟು ಇಲ್ಲಿ ಕಡಿಮೆ. ಆದರೂ ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ತೇವ ಅಲ್ಲೇ ನಿಂತು ಬೂಷ್ಟು ಬರುತ್ತದೆ. ಚೀಲ ಬೇರೆ ಇಡಿ, ಕ್ಯಾಮೆರಾವನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ.

ಕೊನೆಗೆ ದೂರ ಹೊಂದಿಸುವುದು. ಝೋರ್ಕಿ, ಫೆಡ್‌ಗಳ ಕಿಂಡಿಯಲ್ಲಿ ಒಂದೇ ವಸ್ತು ಎರಡಾಗಿ ಕಾಣುತ್ತದೆ; ಎರಡೂ ಒಂದಾದಾಗ ಫೋಕಸ್ ಸರಿ. ಲೆನ್ಸನ್ನು ಅನಂತಕ್ಕೆ ತಿರುಗಿಸಿ ದೂರದ ಬೆಟ್ಟದ ಅಂಚು ನೋಡಬೇಕು. ಕೋಲಾರದವರಿಗೆ ಶತಶೃಂಗ ಬೆಟ್ಟಸಾಲು ಇದ್ದೇ ಇದೆ. ಅಂಚು ಎರಡಾಗಿ ಕಂಡರೆ ಮುಂದಿನ ಪುಟ್ಟ ಮುಚ್ಚಳದ ಸ್ಕ್ರೂ ತೆಗೆದು, ಒಳಗಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಬೇಕು.

ನನ್ನದೊಂದು ತಕರಾರಿದೆ. ಝೆನಿತ್ ಜೊತೆ ಬರುವ ಹೀಲಿಯೊಸ್-44 ಲೆನ್ಸ್‌ನಲ್ಲಿ ಚಿತ್ರದ ಹಿನ್ನೆಲೆ ಸುಳಿ ಸುಳಿಯಾಗಿ ಬರುವುದರಿಂದ ಈಗಿನ ಡಿಜಿಟಲ್ ಹುಡುಗರಿಗೆ ಅದರ ಹುಚ್ಚು. ಲೆನ್ಸ್ ಕಿತ್ತುಕೊಂಡು ಒಡಲನ್ನು ಗುಜರಿಗೆ ಹಾಕುತ್ತಾರೆ. ಝೆನಿತ್-ಇಯ ಬೆಳಕು ಅಳೆಯುವ ಸೆಲೆನಿಯಂ ಮೀಟರು ಸತ್ತಿದೆ ಎಂಬುದು ಅವರ ನೆಪ. ಮೀಟರು ಬೇಕಾದರೂ ಯಾಕೆ? 100ರ ಫಿಲಂ, ಮಟಮಟ ಮಧ್ಯಾಹ್ನದ ಬಿಸಿಲಾದರೆ ಎಫ್/16, ವೇಗ 1/125. ಶ್ರೀನಿವಾಸಪುರದ ಮಾವಿನ ತೋಪಿನ ನೆರಳಿಗೆ ಹೋದರೆ ಎಫ್/4ರವರೆಗೆ ತೆರೆಯಿರಿ. ಮೊದಲ ರೀಲು ಕಪ್ಪು-ಬಿಳುಪಿನದೇ ಇರಲಿ, ತೊಳೆಯುವುದು ಮನೆಯಲ್ಲೇ ಆಗುತ್ತದೆ. ಬಿಳಿ ಗೋಡೆಯನ್ನು ಎಲ್ಲ ವೇಗಗಳಲ್ಲೂ ತೆಗೆದು ಕ್ರಮವಾಗಿ ಬರೆದಿಡಿ. 1/500ರ ಚಿತ್ರದಲ್ಲಿ ಗೋಡೆಯ ಒಂದು ಪಕ್ಕ ಕಪ್ಪಾಗಿ ಬಂದರೆ ಪರದೆಗಳೆರಡೂ ಸಮನಾಗಿ ಓಡುತ್ತಿಲ್ಲ ಎಂದರ್ಥ. ತಳ ಬಿಚ್ಚಿ ಸ್ಪ್ರಿಂಗಿನ ಬಿಗಿ ಕಾಲು ಸುತ್ತು ಸರಿಮಾಡಿ, ಮತ್ತೊಂದು ರೀಲು ಹಾಕಿ ನೋಡಿ.