ಸಾಲದ ವಸೂಲಿಯೂ ಬ್ಯಾಂಕಿನ ಖಾತೆಯ ರಕ್ಷಣೆಯೂ

ಸಾಲ ಕೊಟ್ಟವನಿಗೆ ಅದನ್ನು ಹಿಂದಕ್ಕೆ ಪಡೆಯುವ ಹಕ್ಕುಂಟೆಂಬ ವಿಷಯದಲ್ಲಿ ನಮ್ಮ ಧರ್ಮಶಾಸ್ತ್ರಕಾರರಿಗೆ ಸಂಶಯವಿರಲಿಲ್ಲ. ವಿಚಾರವೆಲ್ಲ ನಡೆದುದು ಆ ಹಕ್ಕನ್ನು ಯಾವ ಮಾರ್ಗದಿಂದ, ಎಷ್ಟು ದೂರದವರೆಗೆ ಸಾಧಿಸಬಹುದೆಂಬ ವಿಷಯದಲ್ಲಿ. ಮನುಸ್ಮೃತಿಯು ಇದಕ್ಕೆ ಧರ್ಮ, ವ್ಯವಹಾರ, ಛಲ, ಆಚರಿತ, ಬಲ ಎಂಬ ಐದು ಉಪಾಯಗಳನ್ನು ಹೇಳುತ್ತದೆ. ಇವುಗಳಲ್ಲಿ ವ್ಯವಹಾರವೆಂದರೆ ನ್ಯಾಯಸ್ಥಾನದ ವಿಚಾರಣೆ. ಆಚರಿತವೆಂದರೆ ಋಣಿಯ ಹೆಂಡಿರು ಮಕ್ಕಳನ್ನೂ ದನಕರುಗಳನ್ನೂ ತಡೆದು ಅವನ ಬಾಗಿಲಲ್ಲಿ ಕುಳಿತುಬಿಡುವುದು ಎಂದು ವ್ಯಾಖ್ಯಾನಕಾರರು ಬಿಡಿಸಿದ್ದಾರೆ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076-1126) ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದಾಗ ಋಣಾದಾನವೆಂಬುದು ಆಗಲೇ ವ್ಯವಹಾರಶಾಸ್ತ್ರದ ಒಂದು ವಿಸ್ತಾರವಾದ ಪ್ರಕರಣವಾಗಿದ್ದಿತು. ಬಾಗಿಲಲ್ಲಿ ಕುಳಿತುಕೊಳ್ಳುವ ಪದ್ಧತಿಯಾದರೋ ಬಹುಕಾಲ ಉಳಿಯಿತು. 1860ರ ಭಾರತ ದಂಡಸಂಹಿತೆಯ 508ನೆಯ ಪ್ರಕರಣವು, ದೈವಕೋಪಕ್ಕೆ ಗುರಿಮಾಡುವೆನೆಂಬ ಭಯ ಹುಟ್ಟಿಸಿ ಒಬ್ಬನ ಮನೆಬಾಗಿಲಲ್ಲಿ ಧರಣಿ ಕೂರುವುದನ್ನು ಅಪರಾಧದ ಉದಾಹರಣೆಯಾಗಿ ಹೆಸರಿಸಬೇಕಾಯಿತು.

ಆ ಧರಣಿಯು ಇಂದು ರೂಪಾಂತರವನ್ನು ಪಡೆದಿದೆ. ಬಾಗಿಲಿನ ಜಾಗದಲ್ಲಿ ಮೊಬೈಲ್ ದೂರವಾಣಿ ಬಂದಿದೆ. ದೈವಕೋಪದ ಜಾಗದಲ್ಲಿ ನೆರೆಹೊರೆಯವರ ಎದುರಿನ ಅಪಮಾನ ಬಂದಿದೆ. ಹಣವೂ ಮನೆಯ ಪೆಟ್ಟಿಗೆಯಲ್ಲಿಲ್ಲ, ಬ್ಯಾಂಕಿನ ಖಾತೆಯಲ್ಲಿದೆ. ಆದಕಾರಣ ಸಾಲಗಾರನ ಚಿಂತೆಯು ಎರಡು ಕವಲಾಗಿದೆ: ಬಾಗಿಲಿಗೆ ಬಂದವನನ್ನು ಎದುರಿಸುವುದು ಹೇಗೆ, ಬಾಗಿಲಿಗೆ ಬಾರದೆಯೇ ಖಾತೆಗೆ ಕೈಹಾಕುವವನನ್ನು ಎದುರಿಸುವುದು ಹೇಗೆ? ಮೊದಲನೆಯದರ ಗದ್ದಲ ಹೆಚ್ಚು. ಎರಡನೆಯದರ ಪರಿಣಾಮ ಹೆಚ್ಚು.

ಬಾಗಿಲಿಗೆ ಬಂದವನ ಅಧಿಕಾರವೇನೆಂಬುದನ್ನು ಮೊದಲು ನೋಡೋಣ. ವಸೂಲಿಯ ಪ್ರತಿನಿಧಿಯು ಸಾಲ ಕೊಟ್ಟ ಸಂಸ್ಥೆಯ ಪರವಾಗಿ ಕೇಳಬಲ್ಲನು, ನೆನಪಿಸಬಲ್ಲನು, ಕಂತಿನ ಹಣವನ್ನು ರಸೀತಿ ಕೊಟ್ಟು ಪಡೆಯಬಲ್ಲನು. ಅದಕ್ಕಿಂತ ಹೆಚ್ಚಿನದೇನನ್ನೂ ಮಾಡಲಾರನು. ಮನೆಯ ಸಾಮಾನನ್ನು ಜಫ್ತಿ ಮಾಡುವ ಅಧಿಕಾರ ಅವನಿಗಿಲ್ಲ. ಅದು ಡಿಕ್ರಿಯಾದ ಮೇಲೆ ನ್ಯಾಯಾಲಯದ ಆಜ್ಞೆಯೊಡನೆ ಬರುವ ಅಮೀನನಿಗೆ ಮಾತ್ರ ಉಂಟು. ಆ ಅಮೀನನು ಕೂಡ ಸೂರ್ಯಾಸ್ತದ ಅನಂತರ, ಸೂರ್ಯೋದಯಕ್ಕೆ ಮೊದಲು ವಾಸದ ಮನೆಯನ್ನು ಪ್ರವೇಶಿಸಕೂಡದೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 62ನೆಯ ಪ್ರಕರಣ ವಿಧಿಸುತ್ತದೆ. ನ್ಯಾಯಾಲಯದ ನೌಕರನಿಗೇ ಇಲ್ಲದ ಸ್ವಾತಂತ್ರ್ಯ ಖಾಸಗಿ ವಸೂಲಿಗಾರನಿಗೆ ಇರಲಾರದೆಂಬುದು ಸ್ಪಷ್ಟ. ಲಾರಿಯ ಸಾಲವೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2007ರಲ್ಲಿ, ಬ್ಯಾಂಕುಗಳು ತೋಳ್ಬಲದವರನ್ನು ನೇಮಿಸಿ ವಾಹನವನ್ನು ಕಸಿಯುವ ಪದ್ಧತಿಯನ್ನು ಖಂಡಿಸಿ, ಕಾನೂನು ತೋರಿಸಿದ ದಾರಿಯಲ್ಲಿಯೇ ನಡೆಯಬೇಕೆಂದು ತಿಳಿಸಿತು.

ರಿಸರ್ವ್ ಬ್ಯಾಂಕಿನ ನಿಯಮಗಳು ಇನ್ನೂ ಖಚಿತವಾಗಿವೆ. ಕಂತು ತಪ್ಪಿದ ಸಾಲದ ವಸೂಲಿಗಾಗಿ ಬೆಳಿಗ್ಗೆ 8 ಗಂಟೆಗೆ ಮುಂಚೆ, ಸಾಯಂಕಾಲ 7 ಗಂಟೆಯ ತರುವಾಯ ಸಾಲಗಾರನಿಗೆ ಕರೆ ಮಾಡಬಾರದೆಂದು 2022ರ ಆಗಸ್ಟಿನ ಸುತ್ತೋಲೆ ಹೇಳಿತು. ವರ್ಷಕ್ಕೆ 3 ಲಕ್ಷ ರೂಪಾಯಿಯವರೆಗಿನ ಆದಾಯವುಳ್ಳ ಕುಟುಂಬಗಳಿಗೆ ಅಡವಿಲ್ಲದೆ ಕೊಡುವ ಕಿರುಸಾಲಗಳ ವಿಷಯದಲ್ಲಿ ಅದೇ ವರ್ಷದ ನಿರ್ದೇಶನವು ಈ ಅವಧಿಯನ್ನು ಬೆಳಿಗ್ಗೆ 9ರಿಂದ ಸಾಯಂಕಾಲ 6ರವರೆಗೆ ಎಂದು ಮತ್ತಷ್ಟು ಕುಗ್ಗಿಸಿತು. ವಸೂಲಿಯು ಇಬ್ಬರೂ ಒಪ್ಪಿದ ಸ್ಥಳದಲ್ಲಿ ನಡೆಯಬೇಕು, ಸಾಲಗಾರರು ಒಂದರ ಮೇಲೊಂದರಂತೆ ಎರಡು ಬಾರಿ ಆ ಸ್ಥಳಕ್ಕೆ ಬಾರದಿದ್ದರೆ ಮಾತ್ರ ಮನೆಗೆ ಹೋಗಬಹುದು. ಬಂಧುಮಿತ್ರರನ್ನು ಪೀಡಿಸುವುದೂ ಬಹಿರಂಗವಾಗಿ ಅವಮಾನಿಸುವುದೂ ನಿಷಿದ್ಧ. ಮೊಬೈಲ್ ಆ್ಯಪ್‌ಗಳ ಮೂಲಕ ಸಾಲ ಕೊಡುವವರು ಸಾಲಗಾರನ ಸಂಪರ್ಕಪಟ್ಟಿಯನ್ನೂ ಚಿತ್ರಗಳನ್ನೂ ತೆರೆದು ನೋಡಕೂಡದೆಂಬ ವಿಧಿಯೂ 2022ರದೇ. ಹಾಗೆ ನೋಡುವ ಆ್ಯಪ್ ರಿಸರ್ವ್ ಬ್ಯಾಂಕಿನ ನಿಯಂತ್ರಣಕ್ಕೆ ಒಳಪಟ್ಟದ್ದೇ ಅಲ್ಲವೆಂದು ಶಂಕಿಸಲು ಅಷ್ಟೇ ಸಾಕು. ಬಂದವನ ಹೆಸರನ್ನೂ ಗುರುತಿನ ಚೀಟಿಯನ್ನೂ ಸಂಸ್ಥೆಯ ಅಧಿಕಾರಪತ್ರವನ್ನೂ ಕೇಳಿ ಬರೆದಿಟ್ಟುಕೊಳ್ಳುವುದು, ಕರೆ ಬಂದ ವೇಳೆಯನ್ನು ಗುರುತುಹಾಕುವುದು, ಹಣವನ್ನು ಕೈಯಲ್ಲಿ ಕೊಡದೆ ಸಾಲದ ಖಾತೆಗೇ ಕಟ್ಟುವುದು, ಇವು ಸಣ್ಣ ಕೆಲಸಗಳಾಗಿ ಕಂಡರೂ ಮುಂದೆ ದೂರು ಕೊಡುವಾಗ ಇವೇ ಸಾಕ್ಷ್ಯವಾಗುತ್ತವೆ.

ಇನ್ನು ಖಾತೆಯ ವಿಚಾರ. ನಾವು ಬ್ಯಾಂಕಿನಲ್ಲಿ ‘ಇಟ್ಟಿರುವ’ ಹಣವೆಂದು ಹೇಳುವುದು ರೂಢಿ. ಕಾನೂನಿನ ದೃಷ್ಟಿಯಲ್ಲಿ ಅದು ಇಟ್ಟ ಹಣವಲ್ಲ, ಬ್ಯಾಂಕಿಗೆ ನಾವು ಕೊಟ್ಟ ಸಾಲ. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1848ರಲ್ಲಿ ಫೋಲಿ ಮತ್ತು ಹಿಲ್ ಎಂಬುವರ ವ್ಯಾಜ್ಯದಲ್ಲಿ ನಿರ್ಣಯಿಸಿದ ಈ ತತ್ತ್ವ ನಮ್ಮ ನ್ಯಾಯಾಲಯಗಳಲ್ಲಿಯೂ ನೆಲೆಗೊಂಡಿದೆ. ಹೀಗಾಗಿ ಖಾತೆದಾರನು ಉತ್ತಮರ್ಣ, ಬ್ಯಾಂಕು ಅಧಮರ್ಣ. ಒಬ್ಬನಿಗೆ ಸಾಲ ಕೊಡಬೇಕಾದ ಮನುಷ್ಯನು ಬ್ಯಾಂಕಿನಿಂದ ಸಾಲ ಬರಬೇಕಾದವನೂ ಆಗಿರುವುದರಿಂದ, ಡಿಕ್ರಿದಾರನು ಮಧ್ಯದ ಕೊಂಡಿಯನ್ನು ಬಿಟ್ಟು, ‘ಅವನಿಗೆ ಕೊಡಬೇಕಾದುದನ್ನು ನನಗೆ ಕೊಡಿಸಿ’ ಎಂದು ನ್ಯಾಯಾಲಯವನ್ನು ಬೇಡಬಹುದು. ಸಂಹಿತೆಯ 21ನೆಯ ಆದೇಶದ 46ಎ ನಿಯಮವು ಇದಕ್ಕೇ ಇರುವುದು. ನ್ಯಾಯಾಲಯವು ಬ್ಯಾಂಕಿಗೆ ನೋಟೀಸು ಕೊಡುತ್ತದೆ. ಬ್ಯಾಂಕು ಹಣವನ್ನು ನ್ಯಾಯಾಲಯದಲ್ಲಿ ಕಟ್ಟಬೇಕು, ಇಲ್ಲವೇ ಕಟ್ಟದಿರಲು ಕಾರಣ ತೋರಿಸಬೇಕು.

ಇಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ಡಿಕ್ರಿಯಿಲ್ಲದೆ, ಅಥವಾ ತೀರ್ಪಿಗೆ ಮುಂಚಿನ ಜಫ್ತಿಯ ವಿಶೇಷ ಆಜ್ಞೆಯಿಲ್ಲದೆ, ಹೊರಗಿನ ಯಾವ ಸಾಲದಾತನೂ ಖಾತೆಯನ್ನು ತಡೆಹಿಡಿಸಲಾರನು. ವಕೀಲರ ನೋಟೀಸು ಎಷ್ಟು ಕಠೋರವಾಗಿದ್ದರೂ ಅದು ನ್ಯಾಯಾಲಯದ ಆಜ್ಞೆಯಲ್ಲ. ಆದರೆ ನ್ಯಾಯಾಲಯದಿಂದಲೇ ಬಂದ ಸಮನ್ಸನ್ನು ಹಾಗೆ ತಳ್ಳಿಹಾಕುವಂತಿಲ್ಲ. ಬೆದರಿಕೆಯ ನೂರು ಕಾಗದಗಳನ್ನು ನೋಡಿ ಬೇಸತ್ತವನು ನೂರೊಂದನೆಯದಾದ ಸಮನ್ಸನ್ನೂ ಓದದೆ ಮೂಲೆಗೆ ಹಾಕುವುದುಂಟು. ಆಗ ಅವನ ಪರೋಕ್ಷದಲ್ಲಿ ಏಕಪಕ್ಷೀಯ ಡಿಕ್ರಿಯಾಗುತ್ತದೆ. ಅದನ್ನು ರದ್ದುಪಡಿಸಿಕೊಳ್ಳಲು 9ನೆಯ ಆದೇಶದ 13ನೆಯ ನಿಯಮದಲ್ಲಿ ಅವಕಾಶವಿದೆ. ಅದಕ್ಕೆ ಕಾಲಾವಧಿ 30 ದಿನ ಮಾತ್ರ. ಸಮನ್ಸು ಸರಿಯಾಗಿ ಜಾರಿಯಾಗದಿದ್ದರೆ ಡಿಕ್ರಿಯ ಸಂಗತಿ ತಿಳಿದ ದಿನದಿಂದ ಆ ಎಣಿಕೆ. ಲೋಕ ಅದಾಲತ್ತಿನ ಕರೆಯನ್ನೂ ಇಲ್ಲಿಯೇ ನೆನೆಯಬೇಕು. ಅಲ್ಲಿ ಕಂತನ್ನು ಇಳಿಸಿಕೊಂಡು ರಾಜಿಯಾಗುವುದು ಎಷ್ಟೋ ವೇಳೆ ಹಿತಕರವೇ. ಆದರೆ 1987ರ ಶಾಸನದಂತೆ ಅಲ್ಲಿಯ ರಾಜಿಯು ಡಿಕ್ರಿಗೆ ಸಮಾನ, ಅದರ ಮೇಲೆ ಅಪೀಲಿಲ್ಲ. ಓದದೆ ರುಜು ಹಾಕುವುದು ಅಪಾಯಕರ.

ಡಿಕ್ರಿಯಾದ ಮೇಲೆಯೂ ಸಾಲಗಾರನ ಸರ್ವಸ್ವವೂ ಡಿಕ್ರಿದಾರನ ಪಾಲಾಗುವುದಿಲ್ಲ. ಸಂಹಿತೆಯ 60ನೆಯ ಪ್ರಕರಣವು ಈ ವಿಷಯದ ತಿರುಳು. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ಬೇಸಾಯಗಾರನ ನೇಗಿಲು, ಎತ್ತು, ಬಿತ್ತನೆಯ ಕಾಳು, ಕೂಲಿಕಾರರ ಮತ್ತು ಮನೆಯಾಳುಗಳ ಕೂಲಿ, ಇವೆಲ್ಲ ಜಫ್ತಿಗೆ ಹೊರಗು. ಸರಕಾರಿ ನಿವೃತ್ತಿವೇತನ, ಕಡ್ಡಾಯ ಭವಿಷ್ಯನಿಧಿ, ಸಾರ್ವಜನಿಕ ಭವಿಷ್ಯನಿಧಿ, ಜೀವವಿಮೆಯ ಹಣ ಇವೂ ಹೊರಗು. ಜೀವನಾಂಶದ ಡಿಕ್ರಿಯನ್ನು ಬಿಟ್ಟು ಉಳಿದ ಡಿಕ್ರಿಗಳಲ್ಲಿ, ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರನೆಯ ಎರಡು ಪಾಲು ಸಾಲಗಾರನಿಗೇ ಉಳಿಯುತ್ತದೆ. ತಿಂಗಳಿಗೆ 25,000 ರೂಪಾಯಿ ಸಂಬಳವಿದ್ದವನಲ್ಲಿ 17,000 ಉಳಿದು 8,000 ಜಫ್ತಿಗೆ ಸಿಕ್ಕುತ್ತದೆ. ಒಂದೇ ಡಿಕ್ರಿಗಾಗಿ ಒಟ್ಟು 24 ತಿಂಗಳು ಜಫ್ತಿಯಾದ ಮೇಲೆ ಆ ಡಿಕ್ರಿಯ ಮಟ್ಟಿಗೆ ಸಂಬಳವು ಪೂರ್ತಿ ಬಿಡುಗಡೆ ಹೊಂದುತ್ತದೆ. 1,000 ರೂಪಾಯಿಯೆಂಬ ಅಂಕವು 1999ರ ತಿದ್ದುಪಡಿಯಿಂದ ಬಂದದ್ದು. ಇಂದಿನ ಬೆಲೆಗಳಲ್ಲಿ ಅದು ಒಂದು ಸಂಸಾರದ ಒಂದು ವಾರದ ದಿನಸಿಗೂ ಸಾಲದು. ಶಾಸನಕರ್ತರು ಅಂಕೆಯ ಬದಲು ಬೆಲೆಗಳೊಡನೆ ಏರಿಳಿಯುವ ಅಳತೆಯೊಂದನ್ನು ಬರೆದಿದ್ದರೆ ಲೇಸಾಗುತ್ತಿತ್ತು.

ಈ ರಕ್ಷಣೆಯನ್ನು ಒಪ್ಪಂದದಿಂದ ಬಿಟ್ಟುಕೊಡುವಂತಿಲ್ಲವೆಂಬುದು ಅದೇ ಪ್ರಕರಣದ 1ಎ ಉಪಪ್ರಕರಣದ ವಿಧಿ. ಸಾಲದ ಪತ್ರದಲ್ಲಿ ಸಣ್ಣಕ್ಷರದಲ್ಲಿ ಏನೇ ಅಚ್ಚಾಗಿರಲಿ, ಅಂಥ ಒಪ್ಪಿಗೆ ಶೂನ್ಯ. ಹಾಗಾದರೆ ನಿವೃತ್ತಿವೇತನವು ಖಾತೆಗೆ ಬಂದುಬಿದ್ದ ಮೇಲೆ ಏನಾಗುತ್ತದೆ? ಅದು ಆಗ ಬರಿಯ ಹಣವಾಯಿತು, ರಕ್ಷಣೆ ಕಳಚಿಹೋಯಿತು ಎಂಬ ವಾದ ಬಹುಕಾಲ ನಡೆಯಿತು. ನಿವೃತ್ತಿವೇತನ ಮತ್ತು ಗ್ರಾಚ್ಯುಯಿಟಿಯ ಹಣವು ನಿವೃತ್ತನ ಕೈಸೇರಿ ಠೇವಣಿಯ ರೂಪ ತಾಳಿದರೂ ತನ್ನ ಗುಣವನ್ನು ಕಳೆದುಕೊಳ್ಳುವುದಿಲ್ಲ, ಅದನ್ನು ಜಫ್ತಿ ಮಾಡಲಾಗದು ಎಂದು 2008ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಆದರೆ ಈ ರಕ್ಷಣೆ ತಾನಾಗಿ ಬರುವುದಲ್ಲ. ಆಜ್ಞೆ ಬಂದೊಡನೆ ಬ್ಯಾಂಕಿನ ಗುಮಾಸ್ತನು ಖಾತೆಯನ್ನು ನಿಲ್ಲಿಸುತ್ತಾನೆ. ಆ ಹಣ ಎಲ್ಲಿಂದ ಬಂತೆಂದು ವಿಚಾರಿಸುವುದು ಅವನ ಹೊಣೆಯಲ್ಲ. ಸಾಲಗಾರನೇ 47ನೆಯ ಪ್ರಕರಣದ ಮೇರೆಗೆ ಅಮಲ್ಜಾರಿ ನ್ಯಾಯಾಲಯಕ್ಕೆ ಅರ್ಜಿ ಕೊಟ್ಟು, ಖಾತೆಯ ವಿವರಪಟ್ಟಿಯನ್ನು ಹಾಜರುಪಡಿಸಿ, ಇದು ನಿವೃತ್ತಿವೇತನವೆಂದು ತೋರಿಸಿಕೊಡಬೇಕು. ಮಗನ ವ್ಯಾಪಾರದ ಹಣ, ತೋಟದ ಉತ್ಪನ್ನ, ಚೀಟಿಯ ಹಣ ಎಲ್ಲವೂ ಅದೇ ಖಾತೆಯಲ್ಲಿ ಬೆರೆತಿದ್ದರೆ ಇದನ್ನು ತೋರಿಸುವುದು ಕಷ್ಟ. ನಿವೃತ್ತಿವೇತನಕ್ಕೆ ಬೇರೆಯೇ ಖಾತೆಯೊಂದನ್ನು ಇಟ್ಟು ಅದರಲ್ಲಿ ಮತ್ತೊಂದು ಕಾಸನ್ನೂ ಬೆರೆಸದಿರುವುದು ಈ ಕಾರಣದಿಂದ ವಿವೇಕ. ಡಿಕ್ರಿದಾರನಿಗೆ ಸಿಕ್ಕದಂತೆ ಹಣವನ್ನು ಪರರ ಹೆಸರಿಗೆ ವರ್ಗಾಯಿಸುವುದು ಮಾತ್ರ ಈ ಮಾತಿಗೆ ಸೇರಿದುದಲ್ಲ. ಅದು ವಂಚನೆಯೆನಿಸಿ ಸಾಲಗಾರನ ಸ್ಥಿತಿಯನ್ನೇ ಕೆಡಿಸುತ್ತದೆ.

ಸಾಲ ಕೊಟ್ಟದ್ದು ಖಾತೆಯಿರುವ ಬ್ಯಾಂಕೇ ಆಗಿದ್ದರೆ ಡಿಕ್ರಿಯ ಮಾತೇ ಬೇಕಿಲ್ಲ. ಒಂದೇ ವ್ಯಕ್ತಿಯಿಂದ ಬರಬೇಕಾದುದನ್ನೂ ಅವನಿಗೆ ಕೊಡಬೇಕಾದುದನ್ನೂ ಸರಿಹೊಂದಿಸಿ ವಜಾ ಹಾಕಿಕೊಳ್ಳುವ ಹಕ್ಕು ಬ್ಯಾಂಕಿಗೆ ವಾಣಿಜ್ಯ ಸಂಪ್ರದಾಯದಿಂದ ಬಂದಿದೆ. ಈ ಹಕ್ಕಿಗೂ ಮಿತಿಯುಂಟು: ಎರಡೂ ಲೆಕ್ಕಗಳು ಒಂದೇ ವ್ಯಕ್ತಿಯ ಒಂದೇ ಅಧಿಕಾರದಲ್ಲಿರಬೇಕು. ಗಂಡನ ಒಬ್ಬನದೇ ಸಾಲಕ್ಕೆ ದಂಪತಿಗಳ ಜಂಟಿ ಖಾತೆಯಿಂದ ಹಣ ತೆಗೆದರೆ ಅದನ್ನು ಪ್ರಶ್ನಿಸಲು ಆಧಾರವಿದೆ. ಅನ್ನಕ್ಕೆ ಬೇಕಾದ ಹಣವನ್ನು ಸಾಲ ಕೊಟ್ಟ ಬ್ಯಾಂಕಿನಲ್ಲಿಯೇ ಇಡದಿರುವುದು ಸುಲಭವಾದ ಎಚ್ಚರಿಕೆ.

ಸಾಲಗಾರನು ತಾನೇ ಕೊಟ್ಟ ಕೀಲಿಕೈಗಳೂ ಉಂಟು. ಭದ್ರತೆಗೆಂದು ಬರಿಯ ರುಜು ಹಾಕಿ ಕೊಟ್ಟ ಖಾಲಿ ಚೆಕ್ಕು ಅವುಗಳಲ್ಲಿ ಹಳೆಯದು. ಅದನ್ನು ಬೇರೊಬ್ಬನು ತುಂಬಿದನೆಂಬ ಕಾರಣದಿಂದ ಅದರ ಬಲ ಕುಂದದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಸಾಲವಿಲ್ಲವೆಂದು ರುಜುವಾತುಪಡಿಸುವ ಹೊರೆ ಕೊಟ್ಟವನ ಮೇಲೆಯೇ ಬೀಳುತ್ತದೆ. ಹಣ ಸಾಲದೆ ಹಿಂತಿರುಗಿದ ಚೆಕ್ಕಿನ ಬಗ್ಗೆ ನೋಟೀಸು ತಲುಪಿದ 15 ದಿನಗಳೊಳಗೆ ಹಣ ಕಟ್ಟಿದರೆ ವಿನಿಮಯಪತ್ರಗಳ ಶಾಸನದ 138ನೆಯ ಪ್ರಕರಣದ ಅಪರಾಧ ಘಟಿಸುವುದಿಲ್ಲ. ಪ್ರತಿ ತಿಂಗಳು ಖಾತೆಯಿಂದ ತಾನಾಗಿ ಕಂತು ಕಳೆಯುವಂತೆ ಕೊಟ್ಟ ವಿದ್ಯುನ್ಮಾನ ಆದೇಶಕ್ಕೂ 2007ರ ಪಾವತಿ ವ್ಯವಸ್ಥೆಗಳ ಶಾಸನದ 25ನೆಯ ಪ್ರಕರಣ ಇದೇ ಬಗೆಯ ದಂಡವನ್ನು ಅನ್ವಯಿಸಿದೆ. ಜನರು ಇದನ್ನು ಬಹುಮಟ್ಟಿಗೆ ಅರಿಯರು. ಆ ಆದೇಶವನ್ನು ಬ್ಯಾಂಕಿಗೆ ಬರೆದು ಹಿಂತೆಗೆದುಕೊಳ್ಳಬಹುದು. ಹಾಗೆ ಮಾಡಿದರೆ ಸಾಲ ತೀರುವುದಿಲ್ಲ, ಖಾತೆ ಬರಿದಾಗುವ ವೇಳೆಯನ್ನು ಪರರು ನಿಶ್ಚಯಿಸುವುದು ಮಾತ್ರ ತಪ್ಪುತ್ತದೆ. ಕಂತು ಕಟ್ಟಲಾಗದೆಂದು ಮುಂಚೆಯೇ ತೋರಿದಾಗ, ಆದೇಶ ಹಿಂತಿರುಗಿ ಬ್ಯಾಂಕಿಗೂ ಸಾಲದಾತನಿಗೂ ದಂಡ ತೆರುವುದಕ್ಕಿಂತ, ಮೊದಲೇ ಬರೆದು ಕಂತಿನ ಮರುಹೊಂದಾಣಿಕೆಯನ್ನು ಕೇಳುವುದು ಮೇಲು.

ಹಳೆಯ ಸಾಲಗಳ ವಸೂಲಿಯಲ್ಲಿ ಕಾಲದ ಪ್ರಶ್ನೆ ಏಳುತ್ತದೆ. ಅಡವಿಲ್ಲದ ಸಾಲಕ್ಕೆ 1963ರ ಕಾಲಪರಿಮಿತಿ ಶಾಸನದಲ್ಲಿ ಸಾಮಾನ್ಯವಾಗಿ 3 ವರ್ಷದ ಅವಧಿ; ಅದು ಮೀರಿದ ದಾವೆಯನ್ನು ಪ್ರತಿವಾದಿ ಆಕ್ಷೇಪಿಸದಿದ್ದರೂ ನ್ಯಾಯಾಲಯ ವಜಾ ಮಾಡಬೇಕು. ಡಿಕ್ರಿಯಾಗಿದ್ದರೆ ಅದರ ಅಮಲ್ಜಾರಿಗೆ 12 ವರ್ಷ. ಅವಧಿಯೊಳಗೆ ಸಾಲವನ್ನು ಒಪ್ಪಿ ಬರೆದುಕೊಟ್ಟರೆ, ಅಥವಾ ಸ್ವಲ್ಪ ಹಣ ಕಟ್ಟಿ ಅದಕ್ಕೆ ಲಿಖಿತ ಗುರುತಿದ್ದರೆ, ಎಣಿಕೆ ಹೊಸದಾಗಿ ಆರಂಭವಾಗುತ್ತದೆ. ಅವಧಿ ಮೀರಿದ ಸಾಲವನ್ನು ತೀರಿಸುವೆನೆಂದು ಹೊಸದಾಗಿ ಬರೆದುಕೊಟ್ಟರೆ, ಕರಾರು ಶಾಸನದ 25ನೆಯ ಪ್ರಕರಣದ ಮೇರೆಗೆ ಅದು ಹೊಸ ಕರಾರೇ ಆಗುತ್ತದೆ. ‘ಐದು ನೂರು ಕಟ್ಟಿ ಇಲ್ಲೊಂದು ರುಜು ಹಾಕಿ, ನಾಳೆಯಿಂದ ಯಾರೂ ಬರುವುದಿಲ್ಲ’ ಎಂಬ ಮಾತಿನ ಹಿಂದೆ ಎಷ್ಟೋ ವೇಳೆ ಈ ಲೆಕ್ಕಾಚಾರವೇ ಇರುತ್ತದೆ. ಅಸಲಿಗಿಂತ ಹೆಚ್ಚು ಬಡ್ಡಿ ಒಮ್ಮೆಗೆ ವಸೂಲಾಗಬಾರದೆಂಬ ದಾಮದುಪ್ಪಟ್ಟಿನ ಹಿಂದೂ ನಿಯಮವನ್ನು ಮುಂಬಯಿ ಪ್ರಾಂತದ ನ್ಯಾಯಾಲಯಗಳು ಮನ್ನಿಸುತ್ತಿದ್ದುವು. ಆಗ ಆ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿಗಳ ಹಿರಿಯರಿಗೆ ಈ ಹೆಸರು ಪರಿಚಿತವೇ. ಬ್ಯಾಂಕಿನ ಸಾಲಕ್ಕೆ ಅದನ್ನು ನಂಬಿ ಕುಳಿತುಕೊಳ್ಳುವಂತಿಲ್ಲ.

ಜೈಲಿನ ಬೆದರಿಕೆಯನ್ನು ಬೇಗನೆ ಮುಗಿಸಬಹುದು. ಹಣದ ಡಿಕ್ರಿಗಾಗಿ ಸ್ತ್ರೀಯರನ್ನು ಬಂಧಿಸುವಂತಿಲ್ಲ (56ನೆಯ ಪ್ರಕರಣ). ಪುರುಷನನ್ನೂ, ಶಕ್ತಿಯಿದ್ದು ದುರುದ್ದೇಶದಿಂದ ಕೊಡದಿದ್ದಾನೆಂದು ನ್ಯಾಯಾಲಯಕ್ಕೆ ಮನದಟ್ಟಾದ ಹೊರತು, ಕೇವಲ ಬಡತನಕ್ಕಾಗಿ ಸಿವಿಲ್ ಸೆರೆಗೆ ಕಳುಹಿಸಬಾರದೆಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು 1980ರ ತೀರ್ಪಿನಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ‘ಪೋಲೀಸರು ಹೊರಟಿದ್ದಾರೆ’ ಎಂದು ದೂರವಾಣಿಯಲ್ಲಿ ಹೇಳುವವನಿಗೆ ಈ ಅಧಿಕಾರ ಯಾವುದೂ ಇಲ್ಲ.

ದೂರನ್ನು ಮೊದಲು ಸಾಲ ಕೊಟ್ಟ ಸಂಸ್ಥೆಗೇ ಬರೆದು ಕೊಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ತೃಪ್ತಿಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಶುಲ್ಕವಿಲ್ಲದೆ ಮನವಿ ಸಲ್ಲಿಸಬಹುದು. ಹೊಡೆತ, ಬೆದರಿಕೆ, ಅಕ್ರಮ ಪ್ರವೇಶಗಳಿಗೆ ಪೋಲೀಸು ಠಾಣೆಯೇ ಸ್ಥಳ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಿಲ್ಲದೆ ಬಡ್ಡಿವ್ಯಾಪಾರ ನಡೆಸುವವರು 1961ರ ಲೇವಾದೇವಿದಾರರ ಶಾಸನದಂತೆ ಪರವಾನೆ ಪಡೆದಿರಬೇಕು. ಇಂಥವರನ್ನೇ ಮುಖ್ಯವಾಗಿ ಉದ್ದೇಶಿಸಿ ಕರ್ನಾಟಕ ಸರಕಾರವು 2025ರ ಫೆಬ್ರವರಿಯಲ್ಲಿ ಕಿರುಸಾಲ ಮತ್ತು ಸಣ್ಣಸಾಲಗಳ ಬಲವಂತದ ವಸೂಲಿಯನ್ನು ತಡೆಯುವ ಅಧ್ಯಾದೇಶವನ್ನು ಹೊರಡಿಸಿತು. ರಾಜ್ಯಪಾಲರು ಮೊದಲು ಅದನ್ನು ದಂಡನೆ ಅತಿಯಾಯಿತೆಂಬುದೇ ಮೊದಲಾದ ಆಕ್ಷೇಪಗಳೊಡನೆ ಹಿಂತಿರುಗಿಸಿ, ಸರಕಾರದ ವಿವರಣೆಯ ಬಳಿಕ ಅಂಕಿತ ಹಾಕಿದರು. 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿಯವರೆಗೆ ದಂಡ ಅದರಲ್ಲಿ ವಿಹಿತವಾಯಿತು. ಅನಂತರ ವಿಧಾನಮಂಡಲವು ಅದಕ್ಕೆ ಶಾಸನದ ರೂಪ ಕೊಟ್ಟಿತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಗಳನ್ನು ಅದರ ವ್ಯಾಪ್ತಿಯಿಂದ ಬಿಡಲಾಗಿದೆ. ಆದುದರಿಂದ ದೂರು ಕೊಡುವವನು ಮೊತ್ತಮೊದಲು ತಿಳಿಯಬೇಕಾದುದು ತನಗೆ ಸಾಲ ಕೊಟ್ಟವನು ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿರುವನೇ ಇಲ್ಲವೇ ಎಂಬುದನ್ನು. ಇದ್ದರೆ ಲೋಕಪಾಲರ ಕಡೆಗೆ, ಇಲ್ಲದಿದ್ದರೆ ಈ ಶಾಸನದ ಕಡೆಗೆ.