ಹಾಜರಿ ಪುಸ್ತಕವೂ ನ್ಯಾಯಪೀಠವೂ

ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹಂಗಾಮಿ ಕೆಲಸಗಾರನೊಬ್ಬನ ಹೆಸರಿನ ಮುಂದೆ ಕೆಲವು ದಿನ ಗೈರುಹಾಜರಿಯೆಂದು ಬರೆದು, ಕಡೆಗೊಂದು ದಿನ ಆ ಹೆಸರನ್ನೇ ಹೊಡೆದುಹಾಕಿದರೆ, ಅವನೇ ಕೆಲಸ ಬಿಟ್ಟುಹೋದನೆನ್ನಬೇಕೋ ಮಾಲೀಕನು ಅವನನ್ನು ತೆಗೆದುಹಾಕಿದನೆನ್ನಬೇಕೋ ಎಂಬ ಪ್ರಶ್ನೆಯು ನಮ್ಮ ನ್ಯಾಯಾಲಯಗಳ ಮುಂದೆ ದಶಕಗಳಿಂದ ಬರುತ್ತಲೇ ಇದೆ. ಖಾಯಂ ನೌಕರನಿಗೆ ರಜೆಯ ಹಕ್ಕುಂಟು, ಸಂಘದ ಬೆಂಬಲವುಂಟು. ದಿನಗೂಲಿಯವನು ಜ್ವರದಿಂದ ಮಲಗಿದರೆ ಅಂದಿನ ಕೂಲಿಯೊಡನೆ ಎಷ್ಟೋ ವೇಳೆ ಕೆಲಸವೂ ಹೋಗುತ್ತದೆ.

1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ಸೇರಿದ 25-ಎಫ್ ಕಲಮು, ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನನ್ನು ಒಂದು ತಿಂಗಳ ನೋಟೀಸನ್ನಾಗಲಿ ಅದಕ್ಕೆ ಬದಲಾಗಿ ಸಂಬಳವನ್ನಾಗಲಿ ಕೊಟ್ಟು, ಸೇವೆಯ ಪ್ರತಿ ಪೂರ್ಣ ವರ್ಷಕ್ಕೂ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಸಲ್ಲಿಸದ ಹೊರತು ತೆಗೆಯಕೂಡದೆಂದು ವಿಧಿಸಿತು. ‘ನಾವು ತೆಗೆಯಲಿಲ್ಲ, ಅವನೇ ಬರಲಿಲ್ಲ’ ಎಂಬುದು ಈ ಕಟ್ಟಳೆಯಿಂದ ಪಾರಾಗಲು ಮಾಲೀಕರು ಹಿಡಿದ ಹಾದಿಯಾಯಿತು. ದಕ್ಷಿಣ ರೈಲ್ವೆಯ ಕಾರ್ಮಿಕನೊಬ್ಬನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1982ರಲ್ಲಿ ಆ ಹಾದಿಯನ್ನು ಮುಚ್ಚಿ, ಗೈರುಹಾಜರಿಗಾಗಿ ಹೆಸರು ಹೊಡೆಯುವುದೂ 25-ಎಫ್ ಕಲಮಿನ ವ್ಯಾಪ್ತಿಗೆ ಸೇರಿದ ಕ್ರಿಯೆಯೆಂದು ತೀರ್ಮಾನಿಸಿತು.

ಜೆ.ಎಂ.ಎ. ಇಂಡಸ್ಟ್ರೀಸಿನ ಪ್ರಕರಣವು ಇನ್ನೂ ಮನಮುಟ್ಟುವಂಥದು. ಎಂಟು ದಿನಕ್ಕೂ ಮೀರಿ ರಜೆಯಿಲ್ಲದೆ ಗೈರಾದವನ ಸೇವೆಯು ತಾನಾಗಿಯೇ ಮುಗಿಯುವುದೆಂದು ಅಲ್ಲಿಯ ಸೇವಾನಿಯಮಗಳಾದ ಸ್ಥಾಯೀ ಆದೇಶವು ಹೇಳುತ್ತಿತ್ತು. ಕೆಲಸಗಾರನ ಅಹವಾಲಾದರೋ, 1980ರ ಡಿಸೆಂಬರ್ 3ರಿಂದ ತಾನು ಪ್ರತಿದಿನವೂ ಬಂದೆನು, ಗೇಟಿನಲ್ಲಿಯೇ ತಡೆದರು, ಹಾಜರಿ ಪುಸ್ತಕಕ್ಕೆ ಸಹಿ ಹಾಕಗೊಡಲಿಲ್ಲ ಎಂಬುದಾಗಿತ್ತು. ಜೀವನೋಪಾಯವನ್ನು ಕಸಿಯುವ ಮುನ್ನ ಅವನ ಮಾತನ್ನು ಕೇಳಲೇಬೇಕು, ಅದು ಸಂವಿಧಾನದ 21ನೆಯ ಅನುಚ್ಛೇದವು ಕಾಪಾಡುವ ಬದುಕಿನ ಹಕ್ಕಿಗೆ ಸೇರಿದ ವಿಷಯವೆಂದು 1993ರಲ್ಲಿ ಸಾರಿದ ಸುಪ್ರೀಂ ಕೋರ್ಟು, ಅರ್ಧದಷ್ಟು ಹಿಂಬಾಕಿ ವೇತನದೊಡನೆ ಅವನನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳುವಂತೆ ಆಜ್ಞಾಪಿಸಿತು.

ಹಾಗೆಂದು ನ್ಯಾಯಾಲಯವು ಎಲ್ಲ ಗೈರುಹಾಜರಿಯನ್ನೂ ಮನ್ನಿಸಿತೆಂದು ಭಾವಿಸಲಾಗದು. ಸಿಂಡಿಕೇಟ್ ಬ್ಯಾಂಕಿನ ನೌಕರನೊಬ್ಬನು ಸತತ 90 ದಿನಕ್ಕೂ ಮಿಗಿಲಾಗಿ ಬಾರದಿದ್ದಾಗ, 30 ದಿನದೊಳಗೆ ಹಾಜರಾಗೆಂದು ಬ್ಯಾಂಕು ರಿಜಿಸ್ಟರ್ ಅಂಚೆಯಲ್ಲಿ ನೋಟೀಸು ಕಳುಹಿತು. ಅದು ಸ್ವೀಕೃತವಾಗದೆ ಹಿಂದಿರುಗಿತು. 2000ದ ತೀರ್ಪು ಬ್ಯಾಂಕಿನ ಪರವಾಯಿತು. ನಮ್ಮ ರಾಜ್ಯದ ವಲಯ ಅರಣ್ಯಾಧಿಕಾರಿಯೊಬ್ಬರ 2002ರ ಪ್ರಕರಣದಲ್ಲಂತೂ, 240 ದಿನ ದುಡಿದೆನೆಂದು ಕೆಲಸಗಾರನು ಬರಿಯ ಪ್ರಮಾಣಪತ್ರದಲ್ಲಿ ಹೇಳಿಕೊಂಡರೆ ಸಾಲದು, ಸಂಬಳದ ರಸೀದಿಯೋ ನೇಮಕದ ಆದೇಶವೋ ಮತ್ತಾವ ದಾಖಲೆಯೋ ಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ದಾಖಲೆಯೆಲ್ಲವೂ ಮಾಲೀಕನ ಕಪಾಟಿನಲ್ಲಿರುವಾಗ ಈ ಭಾರವು ದಿನಗೂಲಿಯವನಿಗೆ ದುಸ್ಸಹವಾದುದು.

ಬಾರದಿರುವುದು ಒಂದು ಸಂಗತಿ, ಬಿಟ್ಟುಹೋಗುವುದು ಒಂದು ಸಂಕಲ್ಪ. ಮೊದಲನೆಯದರಿಂದ ಎರಡನೆಯದನ್ನು ಊಹಿಸಿ ಒಂದು ಸಂಸಾರದ ಅನ್ನವನ್ನು ಕಿತ್ತುಕೊಳ್ಳುವುದು ಅನ್ಯಾಯ. ಆದುದರಿಂದ ಹೆಸರು ಹೊಡೆಯುವ ಮುನ್ನ ‘ಏಕೆ ಬರಲಿಲ್ಲ?’ ಎಂದು ಕೇಳಿ ಒಂದು ಕಾಗದ ಬರೆಯುವುದು ಮಾಲೀಕರ ಧರ್ಮವಾಗಲಿ. ಕೆಲಸಗಾರರೂ ಸಂಬಳದ ಚೀಟಿ, ವೈದ್ಯರ ಪತ್ರ, ಅಂಚೆಯ ರಸೀದಿಗಳನ್ನು ಜೋಪಾನವಾಗಿ ತೆಗೆದಿಟ್ಟುಕೊಳ್ಳಲಿ.